ಲಿವರ್ ಕಸಿ ಆದಮೇಲಿನ ಮೊದಲ ವರ್ಷ: ಮಾತ್ರೆ, ಲೆವೆಲ್, ಮಳೆಗಾಲ

ಲಿವರ್ ಕಸಿ ಅಂದಕೂಡಲೇ ಮಾತೆಲ್ಲ ಆಪರೇಷನ್ ಕಡೆಗೇ ಹೋಗುತ್ತದೆ. ಯಾರು ಕೊಡುತ್ತಾರೆ, ರಕ್ತದ ಗುಂಪು ಕೂಡುತ್ತದೆಯೇ, ಇಪ್ಪತ್ತೈದು ಲಕ್ಷ ಎಲ್ಲಿಂದ ತರುವುದು, ಅಂಗದಾನಕ್ಕೆ ಅನುಮತಿ ಕೊಡುವ ಸಮಿತಿಯವರು ಒಪ್ಪುತ್ತಾರೆಯೇ. ಅದೆಲ್ಲ ಮುಗಿದು ರೋಗಿ ಮನೆಗೆ ಹೊರಟಾಗ ಆಸ್ಪತ್ರೆಯವರು ಕೈಗಿಡುವುದು ಎರಡು ಹಾಳೆಯ ಪಟ್ಟಿ: ಇಂಥದ್ದು ಮಾಡಿ, ಇಂಥದ್ದು ಬೇಡ. ಯಾಕೆ ಬೇಡ ಅನ್ನುವುದು ಅದರಲ್ಲಿ ಇರುವುದಿಲ್ಲ. ಕಾರಣ ತಿಳಿಯದ ಪಥ್ಯವನ್ನು ಮನೆಯವರು ಎರಡು ವಾರ ನಡೆಸುತ್ತಾರೆ. ಆಮೇಲೆ "ಒಂದು ದಿನಕ್ಕೆ ಏನಾಗುತ್ತೆ ಬಿಡಿ" ಶುರುವಾಗುತ್ತದೆ. ಹಾಗಾಗಿ ಇಲ್ಲಿ ನಿಯಮದ ಜೊತೆ ಕಾರಣವನ್ನೂ ಬರೆಯುತ್ತಿದ್ದೇನೆ.

ನಮ್ಮ ಹಿನ್ನೆಲೆ ಇಷ್ಟು. ಶಿವಮೊಗ್ಗ ಜಿಲ್ಲೆಯ ಅಡಿಕೆ ತೋಟದ ಮನೆ. ಅಪ್ಪನಿಗೆ ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗಿ ಕೆಡುವ ಕಾಯಿಲೆ ಆಗಿತ್ತು. ಕುಡಿತದ ಅಭ್ಯಾಸವೇ ಇರಲಿಲ್ಲ, ಸಕ್ಕರೆ ಕಾಯಿಲೆ ಮತ್ತು ಫ್ಯಾಟಿ ಲಿವರ್‌ನಿಂದ ಬಂದದ್ದು. ನನ್ನ ತಮ್ಮ ತನ್ನ ಲಿವರಿನ ಬಲಭಾಗ ಕೊಟ್ಟ. ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮಾತ್ರೆ, ಫೈಲು, ಓಡಾಟ ನನ್ನ ಪಾಲಿಗೆ ಬಂತು. ಈಗ ವರ್ಷ ತುಂಬಿದೆ. ಕೆಳಗಿನ ಡೋಸು, ಅಂಕಿಗಳು ಸಾಮಾನ್ಯವಾಗಿ ರೂಢಿಯಲ್ಲಿರುವಂಥವು. ನಿಮ್ಮ ರೋಗಿಗೆ ನಿಮ್ಮ ಕಸಿ ತಂಡ ಹೇಳಿದ್ದೇ ಕೊನೆಯ ಮಾತು.

ಐಸಿಯು, ವಾರ್ಡು

ಜೀವಂತ ದಾನಿಯ ಕಸಿಗೆ ಹತ್ತು ಹನ್ನೆರಡು ತಾಸು ಹಿಡಿಯುವುದು ಸಾಮಾನ್ಯ. ವೆಂಟಿಲೇಟರನ್ನು ಹೆಚ್ಚಿನವರಿಗೆ ಒಂದು ದಿನದೊಳಗೆ ತೆಗೆಯುತ್ತಾರೆ. ಕುತ್ತಿಗೆಯಲ್ಲೊಂದು ಲೈನು, ಮೂಗಿನಲ್ಲಿ ನಳಿಗೆ, ಹೊಟ್ಟೆಯ ಪಕ್ಕದಲ್ಲಿ ಡ್ರೈನ್ ಪೈಪು, ಮೂತ್ರದ ಚೀಲ ಎಲ್ಲ ಇರುತ್ತವೆ. ನೋಡಲು ಬಿಡುವುದು ಕೆಲವೇ ನಿಮಿಷ, ಆ ಹೊತ್ತಿನಲ್ಲಿ ಗಮನಿಸಬೇಕಾದದ್ದು ಡ್ರೈನಿನ ಬಣ್ಣ. ತಿಳಿಹಳದಿ ನೀರು ಬರುತ್ತಿದ್ದರೆ ಸಹಜ. ಮೊದಲೇ ಹೊಟ್ಟೆಯಲ್ಲಿ ನೀರು ತುಂಬಿದ್ದವರಿಗೆ ದಿನಕ್ಕೆ ಲೀಟರುಗಟ್ಟಲೆ ಬರಬಹುದು. ಹಸಿರು ಅಥವಾ ಕಡುಕಂದು ಕಂಡರೆ ಪಿತ್ತ ಸೋರುತ್ತಿದೆ ಎಂದು ಅನುಮಾನ. ಅದನ್ನು ನರ್ಸ್‌ಗಳೂ ನೋಡುತ್ತಿರುತ್ತಾರೆ, ಆದರೂ ಕೇಳಿ.

ಮೊದಲ ವಾರ ದಿನಾ ಡಾಪ್ಲರ್ ಸ್ಕ್ಯಾನ್ (ರಕ್ತನಾಳದಲ್ಲಿ ರಕ್ತದ ಹರಿವು ನೋಡುವುದು) ಮಾಡುತ್ತಾರೆ. ಹೊಸ ಲಿವರಿಗೆ ಜೋಡಿಸಿದ ಅಪಧಮನಿ ಕೆಲವೇ ಮಿಲಿಮೀಟರ್ ದಪ್ಪದ್ದು, ಅದರಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ. ಪಿತ್ತನಾಳಗಳು ಬದುಕುವುದೇ ಆ ಅಪಧಮನಿಯ ರಕ್ತದಿಂದ. ಬೇಗ ಗೊತ್ತಾದರೆ ಸರಿಪಡಿಸಬಹುದು, ತಡವಾದರೆ ಲಿವರೇ ಕೈತಪ್ಪಬಹುದು. ಮುಂದೆ ಆಸ್ಪಿರಿನ್ 75 ಮಿಲಿಗ್ರಾಂ ಬರೆದುಕೊಡುವುದು ಕೂಡ ಇದೇ ಕಾರಣಕ್ಕೆ.

ಐಸಿಯುನಲ್ಲಿ ಎರಡು ಮೂರನೇ ರಾತ್ರಿ ರೋಗಿ ಏನೇನೋ ಮಾತಾಡಬಹುದು. ಗೋಡೆ ಮೇಲೆ ಇರುವೆ ಹರಿಯುತ್ತಿದೆ ಅನ್ನುತ್ತಾರೆ, ಪೈಪು ಕಿತ್ತುಕೊಳ್ಳಲು ನೋಡುತ್ತಾರೆ, ಮಗನನ್ನೇ ಗುರುತಿಸುವುದಿಲ್ಲ. ನಿದ್ದೆಗೇಡು, ಸ್ಟಿರಾಯ್ಡ್, ಟ್ಯಾಕ್ರೊಲಿಮಸ್ (ಹೊಸ ಲಿವರನ್ನು ದೇಹ ತಿರಸ್ಕರಿಸದಂತೆ ಕೊಡುವ ಮುಖ್ಯ ಔಷಧಿ) ಮೂರೂ ಸೇರಿ ಆಗುವ ಗೊಂದಲ ಅದು. ಬಹುಪಾಲು ಜನರಿಗೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಮೊದಲೇ ಯಾರಾದರೂ ಹೇಳದಿದ್ದರೆ ಮಿದುಳಿಗೇ ಏನೋ ಆಯಿತು ಅಂತ ಮನೆಯವರು ಕುಸಿದುಹೋಗುತ್ತಾರೆ.

ಇನ್ನೊಂದು ಯಾರೂ ಹೇಳದ ವಿಷಯ: ನೋವು ಹೆಚ್ಚು ಕಾಡುವುದು ದಾನಿಗೆ. ರೋಗಿ ಮೊದಲೇ ಕಾಯಿಲೆಯಿಂದ ನರಳಿದವರು, ಆಪರೇಷನ್ ಆದಮೇಲೆ ಹಗುರವಾಯಿತು ಅನ್ನುತ್ತಾರೆ. ದಾನಿ ನೆಟ್ಟಗೆ ನಡೆದುಕೊಂಡು ಬಂದವನು, ಎಚ್ಚರವಾದಾಗ ಹೊಟ್ಟೆಗೆ ಉದ್ದದ ಹೊಲಿಗೆ. ದಾನಿಯನ್ನು ಒಂದು ವಾರ ಹತ್ತು ದಿನದಲ್ಲಿ ಕಳಿಸುತ್ತಾರೆ, ರೋಗಿಯನ್ನು ಎರಡು ಮೂರು ವಾರಕ್ಕೆ. ಅಂದರೆ ಮಧ್ಯದಲ್ಲಿ ಒಬ್ಬರು ಆಸ್ಪತ್ರೆಯಲ್ಲಿ, ಇನ್ನೊಬ್ಬರು ಬಾಡಿಗೆ ಮನೆಯಲ್ಲಿ. ಆರೋಗ್ಯವಾಗಿರುವ ಇಬ್ಬರು ಪೂರ್ತಿ ಬಿಡುವಾಗಿ ಬೇಕೇ ಬೇಕು: ಒಬ್ಬರು ಅಡುಗೆ ಮತ್ತು ದಾನಿಗೆ, ಒಬ್ಬರು ಆಸ್ಪತ್ರೆಗೆ. ಒಬ್ಬರೇ ನಿಭಾಯಿಸುತ್ತೇನೆ ಅಂದರೆ ಎರಡನೇ ವಾರಕ್ಕೆ ಅವರೂ ಮಲಗುತ್ತಾರೆ.

ವಾರ್ಡಿನಲ್ಲಿ ಮೂರು ಚೆಂಡಿನ ಉಸಿರಾಟದ ಸಾಧನ ಕೊಡುತ್ತಾರೆ. ಎಚ್ಚರವಿರುವಾಗ ಗಂಟೆಗೊಮ್ಮೆ ಹತ್ತು ಸಲ ಎಳೆಯಬೇಕು. ಹೊಲಿಗೆ ನೋವಿಗೆ ಉಸಿರು ಮೇಲಮೇಲೆ ಎಳೆದರೆ ಶ್ವಾಸಕೋಶದ ತಳಭಾಗ ಮುದುಡಿ ನ್ಯುಮೋನಿಯಾ ಆಗುತ್ತದೆ. ಕೆಮ್ಮುವಾಗ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯಲಿ.

ಡಿಸ್ಚಾರ್ಜ್ ದಿನ ಕೇಳಿ ಪಡೆಯಬೇಕಾದ ಕಾಗದ

ಡಿಸ್ಚಾರ್ಜ್ ಸಮ್ಮರಿ ಕೊಟ್ಟೇ ಕೊಡುತ್ತಾರೆ. ಆದರೆ ಅದರಲ್ಲಿ ಇವು ಇವೆಯೇ ನೋಡಿ, ಇಲ್ಲದಿದ್ದರೆ ಬರೆಸಿಕೊಳ್ಳಿ. ಪಿತ್ತನಾಳದ ಜೋಡಣೆ ಎಷ್ಟು, ಒಂದೋ ಎರಡೋ: ಜೋಡಣೆ ಹೆಚ್ಚಿದ್ದಷ್ಟೂ ಮುಂದೆ ನಾಳ ಕಿರಿದಾಗುವ ಸಂಭವ ಜಾಸ್ತಿ. ರೋಗಿ ಮತ್ತು ದಾನಿ ಇಬ್ಬರ ಸಿಎಂವಿ (ಸೈಟೊಮೆಗಾಲೊ ಎಂಬ ವೈರಸ್) ಪರೀಕ್ಷೆಯ ಫಲಿತಾಂಶ. ದಾನಿಯ ಹೆಪಟೈಟಿಸ್ ಬಿ 'ಕೋರ್ ಆಂಟಿಬಾಡಿ' (ಎಂದೋ ಆ ಸೋಂಕು ತಗುಲಿದ್ದರ ಗುರುತು) ಪಾಸಿಟಿವ್ ಇತ್ತೇ: ಇದ್ದರೆ ರೋಗಿ ಅದಕ್ಕೆ ಬೇರೆ ಮಾತ್ರೆ ಬಹುಕಾಲ ತೆಗೆದುಕೊಳ್ಳಬೇಕಾಗುತ್ತದೆ. ಇನ್ನು ತೆಗೆದುಹಾಕಿದ ಹಳೆಯ ಲಿವರಿನ ಬಯಾಪ್ಸಿ ವರದಿ. ಅದು ಡಿಸ್ಚಾರ್ಜ್ ಹೊತ್ತಿಗೆ ಬಂದಿರುವುದೇ ಇಲ್ಲ ಎಷ್ಟೋ ಸಲ, ಆಮೇಲೆ ಯಾರೂ ಹೋಗಿ ತರುವುದೂ ಇಲ್ಲ. ಸ್ಕ್ಯಾನಿನಲ್ಲಿ ಕಾಣದ ಸಣ್ಣ ಗಡ್ಡೆ ಅದರಲ್ಲಿ ಸಿಗುವುದುಂಟು. ಸಿಕ್ಕಿದರೆ ಮುಂದಿನ ತಪಾಸಣೆಯ ಕ್ರಮವೇ ಬದಲಾಗುತ್ತದೆ.

ವಿಮೆ ಇದ್ದವರಿಗೆ ಒಂದು ಮಾತು. ಡಿಸ್ಚಾರ್ಜ್ ನಂತರದ ಮಾತ್ರೆ, ಪರೀಕ್ಷೆಗಳ ಹಣವೂ ಪಾಲಿಸಿಯಲ್ಲಿ ಬರೆದಷ್ಟು ದಿನದ ಮಟ್ಟಿಗೆ ವಾಪಸ್ ಸಿಗುತ್ತದೆ. ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ಅದು 60 ದಿನ, ಬೇರೆ ಪಾಲಿಸಿಗಳಲ್ಲಿ ಇನ್ನೂ ಹೆಚ್ಚಿರಬಹುದು. ಪ್ರತಿ ಬಿಲ್ಲಿಗೂ ಆ ಮಾತ್ರೆ ಬರೆದ ಚೀಟಿ ಬೇಕು. ನಮ್ಮಲ್ಲಿ ಹಣ ಕತ್ತರಿಸಿದ್ದು ಇಲ್ಲೇ: ಡೋಸು ಬದಲಾದದ್ದನ್ನು ಕಸಿ ತಂಡದ ಕೋಆರ್ಡಿನೇಟರ್ ವಾಟ್ಸಾಪಿನಲ್ಲಿ ಹೇಳುತ್ತಿದ್ದರು, ಚೀಟಿ ಇರಲಿಲ್ಲ. ಪ್ರತಿ ಭೇಟಿಯಲ್ಲಿ ಅಂದಿನವರೆಗಿನ ಬದಲಾವಣೆಗಳನ್ನೆಲ್ಲ ಲೆಟರ್‌ಹೆಡ್ಡಿನ ಮೇಲೆ ಬರೆಸಿ ಸೀಲು ಹಾಕಿಸಿ. ದಾನಿಯ ಆಪರೇಷನ್ ಖರ್ಚನ್ನು ರೋಗಿಯ ಪಾಲಿಸಿ ಕೊಟ್ಟರೂ, ದಾನಿಯ ಆಮೇಲಿನ ತಪಾಸಣೆಗೆ ಬಹಳಷ್ಟು ಪಾಲಿಸಿಗಳು ಕೊಡುವುದಿಲ್ಲ. ಬಿಪಿಎಲ್ ಕಾರ್ಡಿನವರಿಗೆ ಕರ್ನಾಟಕದಲ್ಲಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಅಂಗ ಕಸಿಗೆ ನೆರವಿದೆ, ಮುಖ್ಯಮಂತ್ರಿ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು. ಆದರೆ ಆಪರೇಷನ್‌ಗೆ ಮೊದಲೇ ವಿಚಾರಿಸಿ, ಯಾವ ಆಸ್ಪತ್ರೆಗೆ ಅನ್ವಯ ಅನ್ನುವುದನ್ನೂ ಕೇಳಿ. ಮುಗಿದಮೇಲೆ ಹೋದರೆ ಸುತ್ತಾಟವೇ ಹೆಚ್ಚು.

ಬಾಡಿಗೆ ಮನೆ

ಹೊರ ಊರಿನವರು ಎರಡು ಮೂರು ತಿಂಗಳು ಆಸ್ಪತ್ರೆಯ ಹತ್ತಿರವೇ ಇರಬೇಕಾಗುತ್ತದೆ. ಮೊದಲ ತಿಂಗಳು ವಾರಕ್ಕೆರಡು ಸಲ ರಕ್ತಪರೀಕ್ಷೆ, ಎರಡನೇ ತಿಂಗಳು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಹೀಗೆ ಅಂತರ ಹೆಚ್ಚುತ್ತ ಹೋಗುತ್ತದೆ. ಮನೆ ಹುಡುಕುವಾಗ ಬಾಡಿಗೆಗಿಂತ ಮೊದಲು ಪಕ್ಕದ ಸೈಟು ನೋಡಿ. ಕಟ್ಟಡ ಕೆಲಸ ನಡೆಯುತ್ತಿದ್ದರೆ ಬೇಡ. ಒಡೆಯುವ, ಅಗೆಯುವ ಧೂಳಿನಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟು ಇರುತ್ತದೆ, ರೋಗನಿರೋಧಕ ಶಕ್ತಿ ತಗ್ಗಿಸಿಕೊಂಡವರ ಶ್ವಾಸಕೋಶಕ್ಕೆ ಅದು ಬಹಳ ಕೆಟ್ಟದ್ದು. ಬಾಲ್ಕನಿಯಲ್ಲಿ ಪಾರಿವಾಳ ಇದ್ದರೂ ಬೇಡ, ಅವುಗಳ ಹಿಕ್ಕೆಯಿಂದ ಕ್ರಿಪ್ಟೊಕಾಕಸ್ ಸೋಂಕು ಬರುತ್ತದೆ. ಬೆಂಗಳೂರಿನಲ್ಲಿ ಇವೆರಡೂ ಇಲ್ಲದ ಬೀದಿ ಸಿಗುವುದು ಕಷ್ಟ ಅಂತ ಗೊತ್ತು. ಕಿಟಕಿಗೆ ಬಲೆ ಹೊಡೆಸಿ, ಹೊರಗೆ ಹೋಗುವಾಗ ಎನ್‌95 ಮಾಸ್ಕ್ ಹಾಕಿಸಿ. ರೋಗಿಗೆ ಪ್ರತ್ಯೇಕ ಬಚ್ಚಲು ಇರಲಿ. ಮೆಟ್ಟಿಲು ಹತ್ತುವುದರಿಂದ ತೊಂದರೆಯಿಲ್ಲ, ವ್ಯಾಯಾಮವೇ ಆಯಿತು. ಆದರೆ ಮೂರು ತಿಂಗಳು 5 ಕಿಲೋಗಿಂತ ಹೆಚ್ಚಿನ ಭಾರ ಎತ್ತಬಾರದು. ಹೊಲಿಗೆ ಜಾಗದಲ್ಲಿ ಹರ್ನಿಯಾ ಆಗುವುದು ಹೀಗೇ. ತುಂಬಿದ ಬಕೆಟ್ಟು, ಗ್ಯಾಸ್ ಸಿಲಿಂಡರ್, ಮೊಮ್ಮಗು ಎಲ್ಲವೂ ಭಾರದ ಲೆಕ್ಕಕ್ಕೇ ಸೇರುತ್ತವೆ.

ಮಾತ್ರೆಗೆ ಮೊದಲ ಮೂರು ತಿಂಗಳು ನಮಗೆ ತಿಂಗಳಿಗೆ 20 ಸಾವಿರ ದಾಟಿತು. ಅದರಲ್ಲಿ ದೊಡ್ಡ ಪಾಲು ಸಿಎಂವಿ ತಡೆಯುವ ವಾಲ್‌ಗ್ಯಾನ್ಸಿಕ್ಲೋವಿರ್‌ನದು. ಅದು ನಿಂತಮೇಲೆ ಖರ್ಚು ಅರ್ಧಕ್ಕೆ ಇಳಿಯಿತು.

ಎಲ್ಲವೂ ನಿಂತಿರುವುದು ಟ್ಯಾಕ್ರೊಲಿಮಸ್ ಮೇಲೆ

ಹೊಸ ಲಿವರನ್ನು ದೇಹ ಹೊರಗಿನದೆಂದು ದಾಳಿ ಮಾಡದಂತೆ ತಡೆಯುವ ಮುಖ್ಯ ಔಷಧಿ ಟ್ಯಾಕ್ರೊಲಿಮಸ್. ಜೊತೆಗೆ ಮೈಕೋಫಿನೊಲೇಟ್ ಮತ್ತು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಇರುತ್ತವೆ. ಪ್ರೆಡ್ನಿಸೊಲೋನನ್ನು 20 ಮಿಲಿಗ್ರಾಂನಿಂದ ಇಳಿಸುತ್ತ ಬಂದು ಬಹಳ ಜನರಿಗೆ ಮೂರರಿಂದ ಆರು ತಿಂಗಳಲ್ಲಿ ನಿಲ್ಲಿಸುತ್ತಾರೆ. ಮೈಕೋಫಿನೊಲೇಟಿನಿಂದ ಭೇದಿ, ಬಿಳಿರಕ್ತಕಣ ಕಡಿಮೆಯಾಗುವುದು ಕಾಣಿಸಿಕೊಳ್ಳಬಹುದು. (ಗರ್ಭ ಧರಿಸಬಹುದಾದ ವಯಸ್ಸಿನ ಹೆಣ್ಣುಮಕ್ಕಳಿಗೆ ಕಸಿ ಆಗಿದ್ದರೆ ಇದನ್ನು ಮೊದಲೇ ಡಾಕ್ಟರ ಹತ್ತಿರ ಮಾತಾಡಿ. ಮೈಕೋಫಿನೊಲೇಟ್ ಭ್ರೂಣಕ್ಕೆ ಹಾನಿ ಮಾಡುತ್ತದೆ, ಗರ್ಭಕ್ಕೆ ಕನಿಷ್ಠ ಆರು ವಾರ ಮೊದಲೇ ಅದನ್ನು ಬದಲಾಯಿಸಬೇಕು.)

ಟ್ಯಾಕ್ರೊಲಿಮಸ್‌ಗೆ ಡೋಸಿಗಿಂತ ರಕ್ತದಲ್ಲಿನ ಮಟ್ಟ ಮುಖ್ಯ. ಆಸ್ಪತ್ರೆಯಲ್ಲಿ ಎಲ್ಲರೂ 'ಲೆವೆಲ್ ಎಷ್ಟು' ಅಂತಲೇ ಕೇಳುವುದು. ಮೊದಲ ತಿಂಗಳುಗಳಲ್ಲಿ ಮಿಲಿಲೀಟರಿಗೆ 6ರಿಂದ 10 ನ್ಯಾನೊಗ್ರಾಂ, ವರ್ಷದ ಹೊತ್ತಿಗೆ 4ರಿಂದ 6ರ ಸುತ್ತ ಇರುವಂತೆ ನೋಡಿಕೊಳ್ಳುತ್ತಾರೆ. ಕಡಿಮೆಯಾದರೆ ರಿಜೆಕ್ಷನ್ (ದೇಹ ಹೊಸ ಲಿವರನ್ನು ತಿರಸ್ಕರಿಸುವುದು), ಹೆಚ್ಚಾದರೆ ಕಿಡ್ನಿ, ನರ, ಬಿಪಿ, ಸಕ್ಕರೆ ಎಲ್ಲಕ್ಕೂ ಪೆಟ್ಟು. ತೊಂದರೆ ಏನೆಂದರೆ, ಹೆಚ್ಚಾದದ್ದು ಮೈಗೆ ಗೊತ್ತಾಗುತ್ತದೆ: ಲೋಟ ಹಿಡಿದ ಕೈ ನಡುಗುತ್ತದೆ, ತಲೆನೋವು, ನಿದ್ದೆ ಬಾರದು, ಅಂಗಾಲು ಉರಿ. ಕಡಿಮೆಯಾದದ್ದು ಗೊತ್ತೇ ಆಗುವುದಿಲ್ಲ. ರೋಗಿ ಚೆನ್ನಾಗಿಯೇ ಓಡಾಡಿಕೊಂಡಿರುತ್ತಾರೆ, ಲಿವರ್ ಪರೀಕ್ಷೆಯಲ್ಲಿ ಎಎಲ್‌ಟಿ, ಎಎಸ್‌ಟಿ ಅನ್ನುವ ಅಂಕಿಗಳು ಮಾತ್ರ ಏರುತ್ತ ಹೋಗುತ್ತವೆ. "ಆರಾಮಾಗಿದ್ದೀನಲ್ಲ, ಈ ಸಲ ಟೆಸ್ಟ್ ಬೇಡ" ಅನ್ನುವ ಮಾತಿಗೆ ಬೆಲೆ ಕೊಡಬೇಡಿ.

ರಕ್ತ ಕೊಡುವ ದಿನದ ಕ್ರಮ ಹೀಗೆ. ಲೆವೆಲ್ ನೋಡಬೇಕಾದದ್ದು ಹಿಂದಿನ ಡೋಸಿನ 12 ತಾಸಿನ ನಂತರ, ಮುಂದಿನ ಡೋಸಿನ ಮೊದಲು. ರಾತ್ರಿ 9ಕ್ಕೆ ಮಾತ್ರೆ ನುಂಗಿದ್ದರೆ ಬೆಳಿಗ್ಗೆ 8.30ರಿಂದ 9ರೊಳಗೆ ರಕ್ತ ತೆಗೆಯಬೇಕು, ತೆಗೆದಮೇಲೆ ಅಲ್ಲೇ ಕೂತು ಮಾತ್ರೆ ನುಂಗಬೇಕು. ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡೇ ಲ್ಯಾಬಿಗೆ ಹೋಗಿ. ಮನೆಯಲ್ಲೇ ನುಂಗಿ ಹೋದರೆ ಲೆವೆಲ್ ಸುಳ್ಳಾಗಿ ಹೆಚ್ಚು ತೋರಿಸುತ್ತದೆ. ಡಾಕ್ಟರು ಅದನ್ನು ನಂಬಿ ಡೋಸು ಇಳಿಸುತ್ತಾರೆ, ನಿಜವಾದ ಮಟ್ಟ ಕುಸಿಯುತ್ತದೆ. ಲ್ಯಾಬಿನ ಫಾರಂ ಮೇಲೆ ಕೊನೆಯ ಮಾತ್ರೆಯ ಸಮಯ ಬರೆಸಿ. ಸ್ಯಾಂಪಲ್ ಹೋಗಬೇಕಾದದ್ದು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ. ಟ್ಯಾಕ್ರೊಲಿಮಸ್ ಕೆಂಪು ರಕ್ತಕಣಗಳಲ್ಲಿ ಸೇರಿಕೊಂಡಿರುವುದರಿಂದ ಇಡೀ ರಕ್ತ ಬೇಕು, ಸೀರಂ ಆಗುವುದಿಲ್ಲ. ಸಣ್ಣ ಊರಿನ ಲ್ಯಾಬುಗಳಲ್ಲಿ ಇದು ಗೊತ್ತಿರುವುದಿಲ್ಲ. ಪ್ರತಿ ಸಲ ಒಂದೇ ಲ್ಯಾಬಿಗೆ ಹೋಗುವುದು ಒಳ್ಳೆಯದು, ಪರೀಕ್ಷೆಯ ವಿಧಾನ ಬದಲಾದರೆ ಅಂಕಿಯೂ ಬದಲಾಗುತ್ತದೆ. ಈ ಒಂದು ಪರೀಕ್ಷೆಗೆ ನಮಗೆ 2 ಸಾವಿರದ ಆಸುಪಾಸು ಬೀಳುತ್ತದೆ.

ಸಾದಾ ಟ್ಯಾಕ್ರೊಲಿಮಸ್ ದಿನಕ್ಕೆರಡು ಸಲ, ಹೊಟ್ಟೆ ಖಾಲಿ ಇರುವಾಗ: ಊಟಕ್ಕೆ ಒಂದು ತಾಸು ಮೊದಲು ಅಥವಾ ಎರಡು ತಾಸು ನಂತರ. ಆಹಾರ, ಅದರಲ್ಲೂ ಜಿಡ್ಡಿನದು, ಔಷಧಿ ರಕ್ತ ಸೇರುವುದನ್ನು ತಗ್ಗಿಸುತ್ತದೆ. ನಮ್ಮಲ್ಲಿ ಮಾತ್ರೆ 9ಕ್ಕೆ, ತಿಂಡಿ 10ಕ್ಕೆ, ರಾತ್ರಿ ಊಟ 7 ಗಂಟೆಯೊಳಗೆ. ಹಳ್ಳಿ ಮನೆಯಲ್ಲಿ ಇದು ಕಷ್ಟವಲ್ಲ, ಮದುವೆ ಮುಂಜಿಗೆ ಹೋದಾಗಲೇ ಕಷ್ಟ. ಮರೆತರೆ, ನೆನಪಾದದ್ದು ಒಂದೆರಡು ತಾಸಿನಲ್ಲಾದರೆ ಕೂಡಲೇ ನುಂಗಿಸಿ. ಮುಂದಿನ ಡೋಸು ಹತ್ತಿರವಿದ್ದರೆ ಎರಡನ್ನೂ ಸೇರಿಸಿ ಕೊಡಬಾರದು, ಕೋಆರ್ಡಿನೇಟರಿಗೆ ಫೋನ್ ಮಾಡಿ. ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿಯಾದರೂ ಅಷ್ಟೇ, ಕೇಳಿ.

ಬ್ರ್ಯಾಂಡು ಬದಲಾಯಿಸಬೇಡಿ. ಪ್ಯಾನ್‌ಗ್ರಾಫ್ ಶುರುಮಾಡಿದವರು ಪ್ಯಾನ್‌ಗ್ರಾಫ್, ಟ್ಯಾಕ್ರೊಗ್ರಾಫ್ ಶುರುಮಾಡಿದವರು ಅದೇ. ಬದಲಿಸಲೇಬೇಕಾದರೆ ಡಾಕ್ಟರಿಗೆ ಹೇಳಿ, ಒಂದು ವಾರದಲ್ಲಿ ಲೆವೆಲ್ ನೋಡಿಸಿ. ಇದಕ್ಕಿಂತ ದೊಡ್ಡ ಅಪಾಯ ಒಂದೇ ಔಷಧಿಯ ಎರಡು ರೂಪದಲ್ಲಿದೆ. ದಿನಕ್ಕೆ ಎರಡು ಸಲದ ಸಾದಾ ಕ್ಯಾಪ್ಸೂಲ್ ಬೇರೆ, ನಿಧಾನವಾಗಿ ಬಿಡುಗಡೆಯಾಗುವ ದಿನಕ್ಕೊಂದರ ಕ್ಯಾಪ್ಸೂಲ್ ಬೇರೆ. ಹೆಸರು ಹೆಚ್ಚುಕಮ್ಮಿ ಒಂದೇ ಇದ್ದು ಕೊನೆಗೆ ಇಂಗ್ಲಿಷಿನ ಎರಡಕ್ಷರ ಅಷ್ಟೇ ವ್ಯತ್ಯಾಸ ಇರುತ್ತದೆ. ನಮಗೊಮ್ಮೆ ಔಷಧಿ ಅಂಗಡಿಯಲ್ಲಿ "ಎರಡೂ ಒಂದೇ ಸಾರ್, ಇದು ಹೊಸ ಸ್ಟಾಕು" ಅಂತ ಕೊಟ್ಟಿದ್ದರು. ಸ್ಟ್ರಿಪ್ಪನ್ನು ಹಳೆಯದರ ಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿದಮೇಲೆಯೇ ಡಬ್ಬಿಗೆ ಹಾಕಿ.

ಲೆವೆಲ್ ಏರಿಸುವವು, ಇಳಿಸುವವು ಯಾವುವೆಂದು ಮನೆಮಂದಿಗೆಲ್ಲ ಗೊತ್ತಿರಲಿ. ಕ್ಲಾರಿಥ್ರೊಮೈಸಿನ್, ಎರಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್‌ಗಳು, ಫ್ಲುಕೊನಜೋಲ್‌ನಂಥ ಬೂಷ್ಟಿನ ಔಷಧಿಗಳು, ಬಿಪಿಯ ಡಿಲ್ಟಿಯಾಜೆಮ್ ಏರಿಸುತ್ತವೆ. ಕ್ಷಯದ ರಿಫಾಂಪಿಸಿನ್, ಮೂರ್ಛೆಯ ಫೆನಿಟಾಯಿನ್, ಕಾರ್ಬಮಜೆಪೀನ್ ಇಳಿಸುತ್ತವೆ. ಚಕ್ಕೋತ ಏರಿಸುತ್ತದೆ. ದೇವನಹಳ್ಳಿ ಚಕ್ಕೋತ ಎಷ್ಟೇ ರುಚಿಯಾಗಿರಲಿ, ಈ ಮನೆಗೆ ಬೇಡ. ಸಾದಾ ಕಿತ್ತಳೆ, ಮೂಸಂಬಿ ತೊಂದರೆಯಿಲ್ಲ. ಭೇದಿಯಾದಾಗ ಔಷಧಿಯೂ ಹೊರಗೆ ಹೋಗಿ ಮಟ್ಟ ಇಳಿಯುತ್ತದೆ ಅಂತ ಅನ್ನಿಸುವುದು ಸಹಜ. ಆಗುವುದು ಉಲ್ಟಾ. ಕರುಳಿನ ಗೋಡೆ ಟ್ಯಾಕ್ರೊಲಿಮಸನ್ನು ಸ್ವಲ್ಪ ಒಡೆದು ತಡೆಯುತ್ತಿರುತ್ತದೆ. ಭೇದಿಯಲ್ಲಿ ಆ ತಡೆ ಹೋಗಿ ಲೆವೆಲ್ ಜಿಗಿಯುತ್ತದೆ, ನೀರಿನಂಶ ಕಳೆದುಕೊಂಡ ಕಿಡ್ನಿಗೆ ಎರಡು ಪಟ್ಟು ಹೊಡೆತ ಬೀಳುತ್ತದೆ. ಎರಡು ದಿನ ಭೇದಿಯಾದರೆ ಲೆವೆಲ್ ಮತ್ತು ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ಪರೀಕ್ಷೆ) ನೋಡಿಸಲೇಬೇಕು.

ಮೈಕೈ ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೂಡದು, ಟ್ಯಾಕ್ರೊಲಿಮಸ್ ಜೊತೆ ಸೇರಿ ಕಿಡ್ನಿ ಕೆಡಿಸುತ್ತವೆ. ಊರಿನ ಕ್ಲಿನಿಕ್ಕಿನಲ್ಲಿ 'ಒಂದು ಇಂಜೆಕ್ಷನ್ ಹಾಕ್ತೀನಿ' ಅಂದರೆ ಯಾವುದು ಅಂತ ಕೇಳಿ. ಪ್ಯಾರಾಸಿಟಮಾಲ್ ದಿನಕ್ಕೆ 2 ಗ್ರಾಂ ಮೀರದಂತೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಇನ್ನು ನಮ್ಮ ಕಡೆಯ ದೊಡ್ಡ ಪರೀಕ್ಷೆ ಕಷಾಯ. ನೋಡಲು ಬಂದವರಲ್ಲಿ ಅರ್ಧಕ್ಕರ್ಧ ಜನ ಅಮೃತಬಳ್ಳಿ ಹೇಳಿದರು, ಉಳಿದವರು ನೆಲನೆಲ್ಲಿ. ಅಮೃತಬಳ್ಳಿಯಿಂದ ಲಿವರಿಗೆ ಪೆಟ್ಟಾದ ಪ್ರಕರಣಗಳು ಕೋವಿಡ್ ಕಾಲದಲ್ಲಿ ನಮ್ಮ ದೇಶದ ವೈದ್ಯರಿಂದಲೇ ವರದಿಯಾಗಿವೆ. ಅದು ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಅನ್ನುವುದೇ ನಿಜವಾದರೂ, ಇಲ್ಲಿ ತಿಂಗಳಿಗೆ ಸಾವಿರಾರು ರೂಪಾಯಿ ಸುರಿದು ತಗ್ಗಿಸುತ್ತಿರುವುದು ಅದೇ ಶಕ್ತಿಯನ್ನಲ್ಲವೇ. ಅಶ್ವಗಂಧವೂ ಬೇಡ. ಆಸವ, ಅರಿಷ್ಟಗಳಲ್ಲಿ ಹುದುಗಿಸಿದ ಮದ್ಯಸಾರ ಇರುತ್ತದೆ, ಅವೂ ಬೇಡ. ಅಡುಗೆಗೆ ಹಾಕುವ ಅರಿಸಿನ ಇರಲಿ. ಅರಿಸಿನದ ಕ್ಯಾಪ್ಸೂಲ್ ಬೇಡ.

ಅಡುಗೆಮನೆ, ಜಗಲಿ

ಕಸಿ ಆಗುವ ಹೊತ್ತಿಗೆ ಸಿರೋಸಿಸ್ ರೋಗಿಯ ತೊಡೆ, ತೋಳಿನ ಮಾಂಸ ಕರಗಿಹೋಗಿರುತ್ತದೆ. ಅದನ್ನು ಮತ್ತೆ ಕಟ್ಟಲು ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, 60 ಕಿಲೋ ಇರುವವರಿಗೆ 72ರಿಂದ 90 ಗ್ರಾಂ. ಅನ್ನ ಸಾರಿನಿಂದ ಇದು ಹುಟ್ಟುವುದಿಲ್ಲ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಕಾಲು ಲೀಟರ್ ಹಾಲಿನಲ್ಲಿ 8, ನೂರು ಗ್ರಾಂ ಪನೀರಿನಲ್ಲಿ ಸುಮಾರು 18. ದಪ್ಪ ತೊವ್ವೆ, ಬೇಯಿಸಿದ ಹೆಸರುಕಾಳು, ಮೀನು ತಿನ್ನುವವರಿಗೆ ಚೆನ್ನಾಗಿ ಬೆಂದ ಮೀನು. ಲೆಕ್ಕ ಹಾಕಿ ಬಡಿಸಿದರೆ ಮಾತ್ರ ತಲುಪುತ್ತದೆ.

ಮೊದಲ ಮೂರು ತಿಂಗಳು ಬೇಯದ್ದು ಯಾವುದೂ ಬೇಡ. ಕೋಸಂಬರಿ, ಹಸಿ ಈರುಳ್ಳಿ, ಒಂದೆಲಗದ ಹಸಿ ತಂಬುಳಿ, ಹೊರಗೆ ಕತ್ತರಿಸಿಟ್ಟ ಹಣ್ಣು, ಹೋಟೆಲಿನ ಚಟ್ನಿ, ಪಾನಿಪುರಿ. ಮೊಸರಿನ ವಿಷಯದಲ್ಲಿ ಒಂದೊಂದು ಕೇಂದ್ರದವರು ಒಂದೊಂದು ಹೇಳುತ್ತಾರೆ, ನಿಮ್ಮವರನ್ನು ಕೇಳಿ. ದೇವಸ್ಥಾನದ ಪಂಚಾಮೃತದಲ್ಲಿ ಕಾಯಿಸದ ಹಾಲು, ಜೇನು, ಮೊಸರು ಇರುತ್ತದೆ. ತೀರ್ಥ ಎಷ್ಟು ಹೊತ್ತಿನದೋ. ಅಪ್ಪನಿಗೆ ಇದು ಬಹಳ ಬೇಸರವಾಯಿತು. ತೀರ್ಥವನ್ನು ಕಣ್ಣಿಗೆ ಒತ್ತಿಕೊಂಡು ಬಿಡುವುದು ಅಂತ ಪುರೋಹಿತರೇ ದಾರಿ ಹೇಳಿದರು. ಎಳನೀರು ಆರೋಗ್ಯಕ್ಕೆ ಒಳ್ಳೆಯದು ಅನ್ನುವ ನಂಬಿಕೆಯೂ ಇಲ್ಲಿ ತಿರುಗುಮುರುಗು. ಟ್ಯಾಕ್ರೊಲಿಮಸ್ ಪೊಟ್ಯಾಶಿಯಂ ಏರಿಸುತ್ತದೆ, ನ್ಯುಮೋನಿಯಾ ತಡೆಯಲು ಕೊಡುವ ಕೋಟ್ರೈಮೊಕ್ಸಜೋಲ್ ಕೂಡ ಏರಿಸುತ್ತದೆ, ಅದರ ಮೇಲೆ ಎಳನೀರು, ಬಾಳೆಹಣ್ಣು ಸೇರಿದರೆ 5 ದಾಟುವುದು ಕಷ್ಟವಲ್ಲ. ಹೆಚ್ಚಾದರೆ ಹೃದಯದ ಬಡಿತಕ್ಕೇ ಅಪಾಯ. ವರದಿಯಲ್ಲಿ ಪೊಟ್ಯಾಶಿಯಂ ನೋಡಿ ತೀರ್ಮಾನಿಸಿ. ಸೊಪ್ಪು, ಆಲೂಗಡ್ಡೆ ಬೇಯಿಸಿದ ನೀರು ಚೆಲ್ಲಿ ಒಗ್ಗರಣೆ ಹಾಕಿ.

ನೆಂಟರು ನೋಡಿಕೊಂಡು ಹೋಗಲು ಬರುವುದನ್ನು ತಡೆಯುವುದು ಮಾತ್ರೆಗಿಂತ ಕಷ್ಟ. ಬರಬೇಡಿ ಅಂದರೆ ಬೇಜಾರು, ಬಂದರೆ ಹತ್ತಿರ ಕೂತು ಕೈ ಹಿಡಿಯುತ್ತಾರೆ. ಡಾಕ್ಟರ ಹೆಸರಿನಲ್ಲಿ ಒಂದು ಚೀಟಿ ಗೇಟಿಗೆ ಅಂಟಿಸಿ: ಕೆಮ್ಮು ನೆಗಡಿ ಇದ್ದವರು ದಯವಿಟ್ಟು ಫೋನಿನಲ್ಲಿ ಮಾತಾಡಿ. ಉಳಿದವರಿಗೆ ಜಗಲಿ ಮೇಲೆ, ಆರಡಿ ದೂರ, ಹತ್ತು ನಿಮಿಷ. ಮನೆಯವರಿಗೆಲ್ಲ ಫ್ಲೂ ಲಸಿಕೆ ಹಾಕಿಸಿ. ರೋಗಿಗೆ ಜೀವಂತ ವೈರಸ್ಸಿನ ಲಸಿಕೆಗಳು ಕೂಡದು. ನಿಷ್ಕ್ರಿಯಗೊಳಿಸಿದ ಫ್ಲೂ ಇಂಜೆಕ್ಷನ್, ನ್ಯುಮೊಕಾಕಸ್, ಹೆಪಟೈಟಿಸ್ ಬಿ ಆಗುತ್ತವೆ, ಯಾವಾಗ ಅನ್ನುವುದನ್ನು ತಂಡ ಹೇಳುತ್ತದೆ. ಮನೆಯಲ್ಲಿ ಕೂಸು ಇದ್ದು ಪೋಲಿಯೊ ಹನಿ ಹಾಕಿಸಿದ್ದರೆ, ಆ ವೈರಸ್ ಕೆಲವು ವಾರ ಮಲದಲ್ಲಿ ಹೊರಬರುತ್ತದೆ. ಕೂಸಿನ ಬಟ್ಟೆ ಬದಲಿಸುವ ಕೆಲಸ ರೋಗಿಗೆ ಬೇಡ.

ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆಗೆ ಮೊದಲು ಫೋನು. ಪ್ಯಾರಾಸಿಟಮಾಲ್ ನುಂಗಿಸಿ ಬೆಳಿಗ್ಗೆವರೆಗೆ ಕಾಯುವಂತಿಲ್ಲ, ಈ ರೋಗಿಗಳಲ್ಲಿ ಸೋಂಕು ರಾತ್ರಿಯೊಳಗೆ ರಕ್ತಕ್ಕೆ ಇಳಿಯಬಹುದು. ಸ್ಟಿರಾಯ್ಡ್ ಜ್ವರವನ್ನು ಅಡಗಿಸಿಡುತ್ತದೆ, ಹಾಗಾಗಿ 99.5 ಇದ್ದು ಚಳಿ ನಡುಕ ಬಂದರೂ ಹೇಳಿ.

ತುರಿಕೆ ಶುರುವಾದಾಗ

ನಾಲ್ಕನೇ ತಿಂಗಳ ಹೊತ್ತಿಗೆ ಎಲ್ಲ ಸರಿಹೋಯಿತು ಅನ್ನುವಾಗ ಅಂಗೈ ಅಂಗಾಲು ತುರಿಕೆ ಬಂತು. ಮೂತ್ರ ಕಡುಹಳದಿ. ವರದಿಯಲ್ಲಿ ಎಎಲ್‌ಪಿ, ಜಿಜಿಟಿ (ಪಿತ್ತನಾಳದ ತೊಂದರೆಯಲ್ಲಿ ಏರುವ ಅಂಕಿಗಳು) ಏರಿದ್ದವು, ಎಎಲ್‌ಟಿ ಅಷ್ಟಾಗಿ ಇಲ್ಲ. ಮನೆಯಲ್ಲಿ ಎಲ್ಲರೂ ರಿಜೆಕ್ಷನ್ ಅಂತಲೇ ಹೆದರಿದ್ದು. ಆದರೆ ಈ ನಮೂನೆ ಹೆಚ್ಚಾಗಿ ಪಿತ್ತನಾಳದ ಜೋಡಣೆ ಕಿರಿದಾದದ್ದನ್ನು ಸೂಚಿಸುತ್ತದೆ. ಜೀವಂತ ದಾನಿಯ ಕಸಿಯಲ್ಲಿ ಇದು ಸಾಕಷ್ಟು ಸಾಮಾನ್ಯ, ಲಿವರ್ ಕೈಕೊಟ್ಟಿತು ಅಂತ ಅರ್ಥವಲ್ಲ. ಎಂಆರ್‌ಸಿಪಿ ಸ್ಕ್ಯಾನಿನಲ್ಲಿ ಖಚಿತಮಾಡಿಕೊಂಡು ಇಆರ್‌ಸಿಪಿ ಮಾಡುತ್ತಾರೆ: ಬಾಯಿಯ ಮೂಲಕ ಕೊಳವೆ ಇಳಿಸಿ, ಕಿರಿದಾದ ಜಾಗವನ್ನು ಬಲೂನಿನಿಂದ ಹಿಗ್ಗಿಸಿ ಪ್ಲಾಸ್ಟಿಕ್ ಸ್ಟೆಂಟ್ ಇಡುವುದು. ಈ ಸ್ಟೆಂಟನ್ನು ಸುಮಾರು ಮೂರು ತಿಂಗಳಿಗೊಮ್ಮೆ ಬದಲಿಸಬೇಕು, ಹೀಗೆ ಒಂದು ವರ್ಷದವರೆಗೆ ನಡೆಯಬಹುದು. ದಿನಾಂಕವನ್ನು ಕ್ಯಾಲೆಂಡರಿನ ಮೇಲೆ ಕೆಂಪಿನಲ್ಲಿ ಬರೆದಿಡಿ. ಬದಲಿಸದೆ ಬಿಟ್ಟರೆ ಸ್ಟೆಂಟ್ ಕಟ್ಟಿಕೊಂಡು ಪಿತ್ತ ಕೊಳೆತು ಚಳಿಜ್ವರ ಬರುತ್ತದೆ, ಅದು ತುರ್ತು. ಪ್ರತಿ ಸಲ ನಮಗೆ ಅರ್ಧ ಲಕ್ಷಕ್ಕೂ ಹೆಚ್ಚು ಬಿತ್ತು; ಆಪರೇಷನ್ ಬಜೆಟ್ ಮಾಡುವಾಗಲೇ ಇಂಥದ್ದಕ್ಕೆ ಎರಡು ಮೂರು ಲಕ್ಷ ತೆಗೆದಿಡುವುದು ವಾಸಿ.

ನಿಜವಾಗಿ ರಿಜೆಕ್ಷನ್ ಆದರೂ ಅದು ಕೊನೆಯಲ್ಲ. ಬಯಾಪ್ಸಿಯಲ್ಲಿ ಖಚಿತವಾದರೆ ಮೂರು ದಿನ ಮೀಥೈಲ್‌ಪ್ರೆಡ್ನಿಸೊಲೋನ್ ಡ್ರಿಪ್ ಹಾಕುತ್ತಾರೆ, ಹೆಚ್ಚಿನವರಲ್ಲಿ ಅಷ್ಟಕ್ಕೇ ಹಿಡಿತಕ್ಕೆ ಬರುತ್ತದೆ. ಆ ದಿನಗಳಲ್ಲಿ ಸಕ್ಕರೆ 300 ದಾಟಿದರೆ ಆಶ್ಚರ್ಯವಿಲ್ಲ, ಇನ್ಸುಲಿನ್ ಏರಿಸುತ್ತಾರೆ.

ಊರಿಗೆ, ಮಳೆಗೆ

ಬೆಂಗಳೂರಿನ ಕಸಿ ತಂಡದವರು ಕೊಡುವ ಪಟ್ಟಿಯಲ್ಲಿ 'ತೋಟದ ಕೆಲಸ ಬೇಡ' ಅಂತ ಒಂದು ಸಾಲು ಇರುತ್ತದೆ. ಮಲೆನಾಡಿನಲ್ಲಿ ಅಷ್ಟು ಸಾಲದು. ಮಳೆಗಾಲದಲ್ಲಿ ಗದ್ದೆ, ತೋಟದ ಕಾಲುವೆ ನೀರಿನಲ್ಲಿ ಇಲಿ ಜ್ವರ ಇರುತ್ತದೆ, ಕಾಲಿನ ಸಣ್ಣ ಗಾಯ ಸಾಕು. ಉಡುಪಿ, ದಕ್ಷಿಣ ಕನ್ನಡದ ಗದ್ದೆ ಮಣ್ಣಿನಲ್ಲಿ ಮೆಲಿಯಾಯ್ಡೋಸಿಸ್ ತರುವ ಬ್ಯಾಕ್ಟೀರಿಯಾ ಇದೆ. ಸಕ್ಕರೆ ಕಾಯಿಲೆಯವರಿಗೆ, ರೋಗನಿರೋಧಕ ಶಕ್ತಿ ತಗ್ಗಿದವರಿಗೆ ಅದು ಮಾರಕ. ಬೇಸಿಗೆಗೆ ಮೊದಲೇ ಉಣುಗಿನ ಕಾಲ, ಮಂಗನ ಕಾಯಿಲೆಯ ಭಯ. ಕಾಡಿನ ಅಂಚಿಗೆ ಸೊಪ್ಪು, ದರಗಿಗೆ ಹೋಗುವುದನ್ನು ಪೂರ್ತಿ ಬಿಡಿಸಿ. ಮನೆಯ ಉಳಿದವರು ಹೋಗಿ ಬಂದರೆ ಬಟ್ಟೆ ಹೊರಗೇ ಬಿಚ್ಚಿ ಬಿಸಿನೀರಿಗೆ ಹಾಕಲಿ. ಆರೋಗ್ಯ ಇಲಾಖೆಯವರು ಕೊಡುವ, ಉಣುಗನ್ನು ದೂರವಿಡುವ ಡೇಪಾ ಎಣ್ಣೆ ಹಚ್ಚಿಕೊಂಡೇ ಹೋಗಲಿ. ಕೊಟ್ಟಿಗೆ, ಗೊಬ್ಬರದ ಗುಂಡಿ, ಅಡಿಕೆ ಸುಲಿಯುವ ಧೂಳು, ಬೂಷ್ಟು ಹಿಡಿದ ಹುಲ್ಲಿನ ಬಣವೆ ಎಲ್ಲ ಆಸ್ಪರ್ಜಿಲಸ್‌ನ ತವರು. ಅಪ್ಪ ತೋಟಕ್ಕೆ ಹೋಗದೆ ಇರಲಾರರು. ಆರು ತಿಂಗಳ ನಂತರ ಒಣ ದಿನಗಳಲ್ಲಿ, ಗಮ್‌ಬೂಟು ಮತ್ತು ಮಾಸ್ಕ್ ಹಾಕಿಕೊಂಡು ನೋಡಿ ಬರುವುದಕ್ಕೆ ಡಾಕ್ಟರು ಒಪ್ಪಿದರು. ಕತ್ತಿ ಹಿಡಿಯುವಂತಿಲ್ಲ. ಬಾವಿ ನೀರು ಕುದಿಸಿಯೇ ಕುಡಿಯುವುದು. ಎಲೆ ಅಡಿಕೆ, ತಂಬಾಕು ಬಿಡಬೇಕು, ಈ ಔಷಧಿಗಳ ಮೇಲೆ ಇರುವವರಿಗೆ ಬಾಯಿ ಕ್ಯಾನ್ಸರ್ ಅಪಾಯ ಬೇರೆಯವರಿಗಿಂತ ಹೆಚ್ಚು.

ಮಳೆಗೆ ರಸ್ತೆ ಕಡಿದು ಕೊರಿಯರ್ ನಿಂತರೆ ಟ್ಯಾಕ್ರೊಲಿಮಸ್ ಪೇಟೆಯ ಅಂಗಡಿಯಲ್ಲಿ ಸಿಗುವುದಿಲ್ಲ. ಒಂದು ತಿಂಗಳ ದಾಸ್ತಾನು ಯಾವಾಗಲೂ ಮುಂದಿರಲಿ, ಅದನ್ನು ಎರಡು ಜಾಗದಲ್ಲಿ ಇಡಿ. ಡೋಸು ಬದಲಾಗುತ್ತಿರುವ ಮೊದಲ ತಿಂಗಳುಗಳಲ್ಲಿ ಮಾತ್ರ 5 ಮಿಲಿಗ್ರಾಂ ಕ್ಯಾಪ್ಸೂಲ್ ರಾಶಿ ಕೊಳ್ಳಬೇಡಿ; 0.5 ಮತ್ತು 1 ಮಿಲಿಗ್ರಾಂ ಇದ್ದರೆ ಹೇಗೆ ಬೇಕಾದರೂ ಕೂಡಿಸಿಕೊಳ್ಳಬಹುದು.

ತಮ್ಮನ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ದಾನಿಯನ್ನು ಎಲ್ಲರೂ ಮರೆಯುತ್ತಾರೆ. ಉಳಿದ ಲಿವರ್ ಮೊದಲ ಎರಡು ತಿಂಗಳಲ್ಲೇ ಬಹುಪಾಲು ಬೆಳೆದುಕೊಳ್ಳುತ್ತದೆ, ದೇಹದ ಶಕ್ತಿಯೆಲ್ಲ ಅದಕ್ಕೇ ಹೋಗಿ ಸುಸ್ತು ಇರುತ್ತದೆ. ಹೊಲಿಗೆಯ ಸುತ್ತ ಮರಗಟ್ಟಿದಂತಿರುವುದು ತಿಂಗಳುಗಟ್ಟಲೆ ಇರಬಹುದು. ದಾನಿಗೆ ಈ ಯಾವ ಮಾತ್ರೆಯೂ ಬೇಡ, ಆದರೆ ಮೂರು ತಿಂಗಳು, ಆರು ತಿಂಗಳು, ವರ್ಷಕ್ಕೆ ಅವನ ಲಿವರ್ ಪರೀಕ್ಷೆ, ಸ್ಕ್ಯಾನ್ ಆಗಬೇಕು. ರೋಗಿಯ ಭೇಟಿಯ ದಿನವೇ ಅವನದ್ದೂ ಬರೆಸಿಬಿಡಿ, ಇಲ್ಲವಾದರೆ ಆಗುವುದೇ ಇಲ್ಲ. ಎಲ್ಲರೂ ಅಪ್ಪ ಹೇಗಿದ್ದಾರೆ ಅಂತ ಕೇಳುವಾಗ ಅವನಿಗೊಂದು ಮಂಕು ಕವಿದದ್ದು ನಮಗೆ ಕಾಣಿಸಿತು. ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕರು ಇರುತ್ತಾರೆ, ನಾಚಿಕೆ ಬೇಡ.

ವರ್ಷ ತುಂಬಿದಾಗ

ಈಗ ಪ್ರೆಡ್ನಿಸೊಲೋನ್ ಇಲ್ಲ, ಕೋಟ್ರೈಮೊಕ್ಸಜೋಲ್ ನಿಂತಿದೆ, ಮೈಕೋಫಿನೊಲೇಟ್ ಕಡಿಮೆಯಾಗಿದೆ, ಟ್ಯಾಕ್ರೊಲಿಮಸ್ ಮುಂದುವರಿಯುತ್ತದೆ. ಔಷಧಿ ಖರ್ಚು ತಿಂಗಳಿಗೆ 8 ಸಾವಿರದ ಸುತ್ತ. ಇನ್ನು ಮುಂದೆ ಕಾಯಬೇಕಾದದ್ದು ಲಿವರಿಗಿಂತ ಹೆಚ್ಚಾಗಿ ಅದರ ಸುತ್ತಲಿನದನ್ನು: ಕ್ರಿಯಾಟಿನಿನ್, ಬಿಪಿ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಕೊಲೆಸ್ಟರಾಲ್, ಮೂಳೆಯ ಸಾಂದ್ರತೆ, ಚರ್ಮದ ಮೇಲಿನ ಹೊಸ ಗಂಟು ಕಲೆ. ಹಸಿವು ಮರಳಿದಮೇಲೆ ತೂಕ ಏರುವುದು ಬಹಳ ಬೇಗ. ಫ್ಯಾಟಿ ಲಿವರ್‌ನಿಂದ ಕಸಿಗೆ ಬಂದವರಿಗೆ ಹೊಸ ಲಿವರಿನಲ್ಲೂ ಕೊಬ್ಬು ಕೂರುತ್ತದೆ. ಆದ್ದರಿಂದ ಮೊದಲ ಆರು ತಿಂಗಳು ತಿನ್ನಿ ತಿನ್ನಿ ಅಂದ ನಾವೇ ಈಗ ಅಳೆದು ಬಡಿಸುತ್ತಿದ್ದೇವೆ, ದಿನಾ ಮುಕ್ಕಾಲು ಗಂಟೆ ನಡಿಗೆ ಮಾಡಿಸುತ್ತಿದ್ದೇವೆ.

ಅಪ್ಪನ ಜೇಬಿನಲ್ಲಿ ಲ್ಯಾಮಿನೇಟ್ ಮಾಡಿದ ಕಾರ್ಡು ಇರುತ್ತದೆ, ನೀವೂ ಮಾಡಿಸಿ. ಕನ್ನಡದಲ್ಲಿ ಒಂದು ಬದಿ, ಇಂಗ್ಲಿಷಿನಲ್ಲಿ ಇನ್ನೊಂದು ಬದಿ: ಲಿವರ್ ಕಸಿ ಆಗಿದೆ, ದಿನಾಂಕ, ರಕ್ತದ ಗುಂಪು, ಟ್ಯಾಕ್ರೊಲಿಮಸ್ ಬ್ರ್ಯಾಂಡು, ಡೋಸು, ಸಮಯ, ಪಿತ್ತನಾಳದಲ್ಲಿ ಸ್ಟೆಂಟ್ ಇದೆ, ಹಾಕಿದ ದಿನಾಂಕ, ಡೈಕ್ಲೊಫೆನಾಕ್, ಕ್ಲಾರಿಥ್ರೊಮೈಸಿನ್ ಕೊಡಬೇಡಿ, ಕೋಆರ್ಡಿನೇಟರ್ ಫೋನು, ಮನೆಯ ಇಬ್ಬರ ಫೋನು. ಡೋಸು ಬದಲಾದಾಗಲೆಲ್ಲ ಕಾರ್ಡೂ ಬದಲಾಗಬೇಕು, ಅದಕ್ಕೆ ಡೋಸಿನ ಸಾಲನ್ನು ಅಳಿಸಿ ಬರೆಯುವಂತೆ ಖಾಲಿ ಬಿಟ್ಟು, ಲ್ಯಾಮಿನೇಷನ್ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆಯುವುದು ಸುಲಭ.